ಟಿವಿಯಲ್ಲಿ ಶೆಫ್, ಕಾರ್ಡಿನಲ್ಲಿ ಹೆಲ್ಪರ್

ಅಲ್ ಮುರಕ್ಕಬಾತ್‌ನ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಬೈಂದೂರು ಕಡೆಯ ಹುಡುಗನೊಬ್ಬನಿದ್ದಾನೆ. ಹತ್ತಿರದ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ. ರಾತ್ರಿ ಹನ್ನೆರಡಕ್ಕೆ ಅವನು ಕೆಲಸ ಬಿಟ್ಟು ಬರುವಾಗ ಊರಿನಲ್ಲಿ ಒಂದೂವರೆ ಗಂಟೆ. ಹಾಗಾಗಿ ತಾಯಿಯ ಜೊತೆ ಮಾತು ಏನಿದ್ದರೂ ಮರುದಿನ ಬೆಳಗ್ಗೆಯೇ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕವನು ನಗುತ್ತ ಹೇಳಿದ: "ಸಾರ್, ಅಮ್ಮ ಟಿವಿಯಲ್ಲಿ ಅಡುಗೆ ಸ್ಪರ್ಧೆ ನೋಡಿದ್ದಾರೆ. ‘ನೀನೂ ಹಾಂಗೇ ಉದ್ದ ಟೊಪ್ಪಿ ಹಾಕ್ತ್ಯಾ ಮಗ?’ ಅಂತ ಕೇಳ್ತಾರೆ. ಏನು ಹೇಳಲಿ?" ಅವನ ತಲೆಯ ಮೇಲಿರುವುದು ಕೂದಲು ಬೀಳದಂತೆ ಹಾಕುವ ಬಲೆಯ ಟೊಪ್ಪಿ.

ತಾಯಿಯ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಮಗ ಏನು ಮಾಡುತ್ತಾನೆ ಎಂಬುದನ್ನು ತಿಳಿಯಲು ಅವರಿಗಿರುವ ಕಿಟಕಿ ಟಿವಿ ಒಂದೇ. ಆ ಕಿಟಕಿಯಲ್ಲಿ ಕಾಣುವುದೆಷ್ಟು, ಕಾಣದಿರುವುದೆಷ್ಟು ಎಂಬುದೇ ಈ ವಾರ ನಮ್ಮನ್ನು ಬರೆಯಲು ಕೂರಿಸಿದ ವಿಷಯ.

ವೃತ್ತಿನಿರತ ಬಾಣಸಿಗರನ್ನು ಕ್ಯಾಮೆರಾ ಎದುರು ಸ್ಪರ್ಧೆಗಿಳಿಸುವುದು ಹೊಸದೇನಲ್ಲ. ಜಪಾನಿನ ಫುಜಿ ಟಿವಿ ‘ಐರನ್ ಶೆಫ್’ ಆರಂಭಿಸಿದ್ದು 1993ರಲ್ಲಿ. ಅಮೆರಿಕದ ‘ಟಾಪ್ ಶೆಫ್’ 2006ರಲ್ಲಿ ಬಂತು. ಅದರ ಅರಬ್ಬಿ ರೂಪ ಎಂಬಿಸಿ ವಾಹಿನಿಯಲ್ಲಿ 2016ರಲ್ಲಿ ಶುರುವಾಯಿತು. ಈ ಕಾರ್ಯಕ್ರಮಗಳಿಂದ ಒಂದು ಉಪಕಾರ ಆಗಿದೆ, ಅದನ್ನು ಒಪ್ಪಲೇಬೇಕು. ‘ಹೋಟೆಲಿನಲ್ಲಿ ಅಡುಗೆ ಕೆಲಸ’ ಎಂದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದ ಮನೆಗಳಲ್ಲಿ ಈಗ ‘ಶೆಫ್’ ಎಂದರೆ ಕುರ್ಚಿ ಹಾಕಿ ಕೂರಿಸುತ್ತಾರೆ. ಭಟ್ಟರು, ಕುಕ್ಕು, ಅಡುಗೆಯವ ಎಂಬ ಮಾತುಗಳಿಗೆ ಸಿಗದ ಮರ್ಯಾದೆ ಈ ಎರಡಕ್ಷರಕ್ಕೆ ಸಿಕ್ಕಿದೆ.

ಇಂಥ ಸ್ಪರ್ಧೆಗಳ ಪೈಕಿ ನಮಗೆ ಬಹಳ ಹಿಡಿಸಿದ್ದು ಉಪ್ಪಿಟ್ಟಿನ ಕತೆ. 2011ರ ‘ಟಾಪ್ ಶೆಫ್ ಮಾಸ್ಟರ್ಸ್’ ಮೂರನೇ ಸರಣಿಯ ಕೊನೆಯ ಸುತ್ತಿಗೆ ಬಂದವರು ಮೂವರು. ಅಮೆರಿಕದ ಮೇರಿ ಸೂ ಮಿಲಿಕೆನ್, ಟ್ರೇಸಿ ಡೆ ಜಾರ್ಡಿನ್, ಜೊತೆಗೆ ಮುಂಬಯಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ ಫ್ಲಾಯ್ಡ್ ಕಾರ್ಡೋಜ್. ಬಾಲ್ಯದ ಊಟದ ನೆನಪನ್ನು ತಟ್ಟೆಗೆ ತರಬೇಕಾದಾಗ ಕಾರ್ಡೋಜ್ ಮಾಡಿದ್ದು ರವೆಯ ಉಪ್ಪಿಟ್ಟು. ಅದಕ್ಕೆ ಕಾಡು ಅಣಬೆ, ತೆಂಗಿನ ಹಾಲು, ನಮ್ಮ ಕರಾವಳಿಯವರ ಬಾಯಲ್ಲಿ ನೀರೂರಿಸುವ ಪುನರ್ಪುಳಿ. ಗೆದ್ದರು. ಬಹುಮಾನದ 1 ಲಕ್ಷ ಡಾಲರ್ ಕ್ಯಾನ್ಸರ್ ಸಂಶೋಧನೆಯ ನಿಧಿಗೆ ಹೋಯಿತು. ಮದುವೆ ಮನೆಯ ಬೆಳಗಿನ ಉಪ್ಪಿಟ್ಟನ್ನು ಕಾಂಕ್ರೀಟು ಎಂದು ಗೇಲಿ ಮಾಡಿ ಬೆಳೆದ ನಮಗೆ ಆ ಸುದ್ದಿ ಕೇಳಿ ಸ್ವಲ್ಪ ನಾಚಿಕೆಯೂ ಆಯಿತು. ಕಾರ್ಡೋಜ್ 2020ರ ಮಾರ್ಚ್ 25ರಂದು ಕೋವಿಡ್‌ನಿಂದ ತೀರಿಕೊಂಡರು.

ಆದರೆ ಆ ಉಪ್ಪಿಟ್ಟು ಗೆದ್ದದ್ದು ಒಂದೇ ರಾತ್ರಿಯಲ್ಲಿ ಅಲ್ಲ. ಅವರು ನ್ಯೂಯಾರ್ಕಿನ ‘ಟಬ್ಲಾ’ ರೆಸ್ಟೋರೆಂಟಿನ ಒಲೆ ಹಚ್ಚಿದ್ದು 1998ರಲ್ಲಿ. 2010ರ ಕೊನೆಗೆ ಅದು ಮುಚ್ಚುವ ತನಕ ದಿನವೂ ಅಲ್ಲಿ ಬೆವರಿದವರು. ಟಿವಿ ತೋರಿಸಿದ್ದು ಗಡಿಯಾರದ ಮುಳ್ಳು ಓಡುವ ಕೆಲವು ನಿಮಿಷಗಳನ್ನು. ಆ 12 ವರ್ಷಗಳನ್ನು ತೋರಿಸಲು ಯಾವ ವಾಹಿನಿಗೂ ಪುರಸೊತ್ತಿಲ್ಲ. ಸ್ಪರ್ಧೆಯಲ್ಲಿ ಒಂದು ತಟ್ಟೆ ಚೆನ್ನಾಗಿ ಮಾಡಿದರೆ ಸಾಕು. ಅಲ್ ರಿಗ್ಗಾ ರಸ್ತೆಯ ಅಡುಗೆಮನೆಯಲ್ಲಿ ನಿಂತವನು ಶುಕ್ರವಾರ ರಾತ್ರಿ ಮುನ್ನೂರನೇ ತಟ್ಟೆಯನ್ನೂ ಮೊದಲನೆಯದರ ರುಚಿಯಲ್ಲೇ ಕಳಿಸಬೇಕು. ನಮ್ಮನ್ನು ಕೇಳಿದರೆ ಹೆಚ್ಚಿನ ವಿದ್ಯೆ ಇದೇ.

ನಮ್ಮವರೇ ಗೆದ್ದ ಉದಾಹರಣೆಯೂ ಇದೆ. 2023ರ ‘ಮಾಸ್ಟರ್‌ಶೆಫ್ ಇಂಡಿಯಾ’ ಪ್ರಶಸ್ತಿ ಮಂಗಳೂರಿನ ಮೊಹಮ್ಮದ್ ಆಶಿಕ್ ಅವರ ಪಾಲಾಯಿತು. ಜ್ಯೂಸ್ ಅಂಗಡಿ ನಡೆಸುತ್ತಿದ್ದ 24ರ ಯುವಕ. ಅದು ಮನೆ ಅಡುಗೆಯವರ ಸ್ಪರ್ಧೆ, ವೃತ್ತಿಪರರದ್ದಲ್ಲ ನಿಜ. ಆದರೂ ಕರಾವಳಿಯ ಮನೆಗಳಲ್ಲಿ ಆ ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿಯಬೇಕಾಗಿಯೂ ಇರಲಿಲ್ಲ, ಸಂತೋಷ ಸಂತೋಷವೇ. ಇತ್ತ ದುಬೈಯಲ್ಲಿ 2025ರ ಮೇ ತಿಂಗಳಲ್ಲಿ ‘ಟ್ರೆಸಿಂಡ್ ಸ್ಟುಡಿಯೋ’ಗೆ ಮಿಶೆಲಿನ್‌ನ ಮೂರು ತಾರೆ ಬಂತು. ಭಾರತೀಯ ಅಡುಗೆಯ ರೆಸ್ಟೋರೆಂಟೊಂದಕ್ಕೆ ಜಗತ್ತಿನಲ್ಲೇ ಮೊದಲ ಸಲ ಸಂದ ಗೌರವ ಅದು. ಶೆಫ್ ಹಿಮಾಂಶು ಸೈನಿಯವರ ಚಿತ್ರ ಎಲ್ಲ ಪತ್ರಿಕೆಗಳಲ್ಲಿ.

ಇಂಥ ಸುದ್ದಿಗಳ ಬೆನ್ನಿಗೇ ನಮಗೆ ಊರಿನಿಂದ ಫೋನು ಬರತೊಡಗುತ್ತವೆ. "ಹುಡುಗ ಪಿಯುಸಿ ಮುಗಿಸಿದ್ದಾನೆ, ಏಜೆಂಟರು ದುಬೈಗೆ ಶೆಫ್ ವೀಸಾ ಇದೆ ಅನ್ನುತ್ತಾರೆ, ಕಳಿಸಬಹುದಾ?" ಕಳಿಸಬಹುದು. ಆದರೆ ಏಜೆಂಟರ ಬಾಯಲ್ಲಿ ಶೆಫ್ ಎಂದಿರುವುದು ಆಫರ್ ಲೆಟರಿನಲ್ಲಿ ಏನಾಗಿದೆ ಎಂದು ಮೊದಲು ಓದಿಸಿ. ನಾವು ನೋಡಿದ ಕಾಗದಗಳಲ್ಲಿ ಬಹಳಷ್ಟು ಸಲ ಅದು ‘ಕಿಚನ್ ಹೆಲ್ಪರ್’ ಆಗಿರುತ್ತದೆ. ಸ್ವಲ್ಪ ದೊಡ್ಡ ಹೋಟೆಲಾದರೆ ‘ಕಮಿ’, ಅಂದರೆ ಫ್ರೆಂಚ್ ಅಡುಗೆಮನೆಯ ಕೆಳಗಿನ ಮೆಟ್ಟಿಲು. ಹುಡುಗರು ಇದನ್ನು ‘ಕಮ್ಮಿ’ ಎಂದೇ ಕರೆಯುತ್ತಾರೆ: ಕಮ್ಮಿ ಮೂರು, ಕಮ್ಮಿ ಎರಡು, ಕಮ್ಮಿ ಒಂದು. ಸಂಬಳ ನೋಡಿದರೆ ಆ ಉಚ್ಚಾರ ತಪ್ಪೆನ್ನಲಾಗದು.

ಕೆಳಗಿನ ಮೆಟ್ಟಿಲಿನಿಂದ ಶುರು ಮಾಡುವುದರಲ್ಲಿ ಅವಮಾನವಿಲ್ಲ. ಒಂದು ಕಾಲದಲ್ಲಿ ನಮ್ಮ ಉಡುಪಿ, ಕುಂದಾಪುರದ ಹುಡುಗರು ಮುಂಬಯಿ ಹೋಟೆಲುಗಳಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರೇ. ನಮ್ಮ ತಕರಾರು ಬೇರೆ. ಹೆಲ್ಪರ್ ಆಗಿ ಬಂದವನು ಎರಡನೇ ವರ್ಷಕ್ಕೆ ತವೆಯ ಮುಂದೆ ನಿಲ್ಲುತ್ತಾನೆ, ನಾಲ್ಕನೇ ವರ್ಷಕ್ಕೆ ಗ್ರೇವಿ ಪೂರ್ತಿ ಅವನ ಕೈಯಲ್ಲಿ, ಆರನೇ ವರ್ಷಕ್ಕೆ ಅವನಿಲ್ಲದೆ ಅಡುಗೆಮನೆ ನಡೆಯುವುದಿಲ್ಲ. ಕಾರ್ಡಿನಲ್ಲಿ ಮಾತ್ರ ಇನ್ನೂ ಹೆಲ್ಪರ್.

ಕೆಲವು ವರ್ಷಗಳ ಹಿಂದೆ ನಮ್ಮ ಮೇಜಿಗೆ ಒಂದು ಫೈನಲ್ ಸೆಟಲ್‌ಮೆಂಟ್ ಬಂತು. ಆ ಹೋಟೆಲಿನ ಹೆಸರು ಇಲ್ಲಿ ಬೇಡ. ಒಂಬತ್ತು ವರ್ಷ ದುಡಿದು ಊರಿಗೆ ಹೊರಟಿದ್ದ ಅಡುಗೆಯವರು. ಕೈಗೆ ಸಿಗುತ್ತಿದ್ದ ತಿಂಗಳ ಸಂಬಳದ ಮೇಲೆ ಗ್ರ್ಯಾಚುಯಿಟಿ ಬರುತ್ತದೆಂದು ನಂಬಿ, ಆ ಹಣದಲ್ಲಿ ಮನೆಯ ಮಾಡು ಹಾಕಿಸುವ ಲೆಕ್ಕಾಚಾರ ಮಾಡಿದ್ದರು. ಗ್ರ್ಯಾಚುಯಿಟಿ ಬರುವುದು ಬೇಸಿಕ್ ಮೇಲೆ. ಅದು ಗೊತ್ತಾದ ಕ್ಷಣ ಅವರ ಮುಖ ಹೇಗಾಯಿತೆಂದು ನಾವು ಇಲ್ಲಿ ವರ್ಣಿಸುವುದಿಲ್ಲ.

ಲೆಕ್ಕವನ್ನಾದರೂ ಹೇಳಿಬಿಡುತ್ತೇವೆ, ಮನೆಯಲ್ಲಿ ಪೆನ್ನು ಹಿಡಿದು ಮಾಡಿ ನೋಡಬಹುದು. ಯುಎಇಯ ಈಗಿನ ಕಾರ್ಮಿಕ ಕಾನೂನು 2021ರ 33ನೇ ಕಾಯ್ದೆ, 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಒಬ್ಬನ ಒಟ್ಟು ಸಂಬಳ 2,200 ದಿರ್ಹಂ, ಅದರಲ್ಲಿ ಬೇಸಿಕ್ 900 ಎಂದಿಟ್ಟುಕೊಳ್ಳಿ. ತಿಂಗಳಿಗೆ 30 ದಿನದಂತೆ ದಿನಕ್ಕೆ 30 ದಿರ್ಹಂ. ಐದು ವರ್ಷಕ್ಕೆ 105 ದಿನ, ಮುಂದಿನ ನಾಲ್ಕಕ್ಕೆ 120 ದಿನ, ಒಟ್ಟು 225 ದಿನ. ಬರುವುದು 6,750 ದಿರ್ಹಂ. ಅದೇ 2,200ರಲ್ಲಿ ಬೇಸಿಕ್ 1,500 ಇದ್ದಿದ್ದರೆ 11,250. ತಿಂಗಳು ತಿಂಗಳು ಊರಿಗೆ ಬರುತ್ತಿದ್ದ ಹಣದಲ್ಲಿ ಒಂದು ರೂಪಾಯಿಯೂ ವ್ಯತ್ಯಾಸವಿಲ್ಲ. ಆದ್ದರಿಂದಲೇ ಒಂಬತ್ತು ವರ್ಷ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ದಿನಕ್ಕೆ 8 ಗಂಟೆ ಮೀರಿದ ದುಡಿಮೆಗೆ ಸಿಗಬೇಕಾದ ಶೇ 25ರ ಹೆಚ್ಚುವರಿಯೂ ಇದೇ ಬೇಸಿಕ್ ಮೇಲೆ.

ಹುದ್ದೆಯ ಹೆಸರಿನ ಕತೆಯೂ ಹೀಗೆಯೇ. ಕೆಲಸ ಬಿಡುವಾಗ ಕಾರ್ಮಿಕ ಕೇಳಿದರೆ ಮಾಲೀಕರು ಅನುಭವ ಪ್ರಮಾಣಪತ್ರವನ್ನು ದುಡ್ಡು ತೆಗೆದುಕೊಳ್ಳದೆ ಕೊಡಬೇಕು, ಅದರಲ್ಲಿ ಮಾಡಿದ ಕೆಲಸವನ್ನು ನಮೂದಿಸಬೇಕು ಎಂದು ಕಾನೂನೇ ಹೇಳುತ್ತದೆ. ಕಾರ್ಡಿನಲ್ಲಿ ಹೆಲ್ಪರ್ ಎಂದಿದ್ದರೆ ಪತ್ರದಲ್ಲೂ ಅದೇ ಬರುತ್ತದೆ. ಅಂಥ ಪತ್ರ ಹಿಡಿದು ಹಡಗಿನ ಕೆಲಸಕ್ಕೋ ಬೇರೆ ದೇಶಕ್ಕೋ ಅರ್ಜಿ ಹಾಕುವವನು, ಒಂಬತ್ತು ವರ್ಷ ಒಲೆಯ ಮುಂದೆ ನಿಂತವನು, ಮತ್ತೆ ಈರುಳ್ಳಿ ಹೆಚ್ಚುವಲ್ಲಿಂದ ಶುರು ಮಾಡಬೇಕು. ಬೇಸಿಗೆಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನ ಕೆಲಸ ನಿಲ್ಲಿಸುತ್ತಾರೆ, ಒಳ್ಳೆಯ ನಿಯಮ. ಅದು ಬಿಸಿಲಿಗೆ, ಬೆಂಕಿಗಲ್ಲ. ಅಡುಗೆಮನೆಯವನಿಗೆ ಅದೇ ಊಟದ ಹೊತ್ತಿನ ರಶ್ಶು.

2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಕೊರಿಯಾದ ‘ಕಲಿನರಿ ಕ್ಲಾಸ್ ವಾರ್ಸ್’ ಈ ಹೆಸರಿನ ವಿಷಯವನ್ನೇ ಆಟವಾಗಿಸಿತು. ನೂರು ಬಾಣಸಿಗರು. ಖ್ಯಾತನಾಮರಾದ 20 ಮಂದಿಗೆ ‘ಬಿಳಿ ಚಮಚ’, ಉಳಿದ 80 ಮಂದಿಗೆ ‘ಕಪ್ಪು ಚಮಚ’. ಕಪ್ಪು ಚಮಚದವರು ಸ್ವಂತ ಹೆಸರು ಹೇಳುವಂತಿಲ್ಲ, ಅಡ್ಡಹೆಸರಿನಲ್ಲೇ ಅಡುಗೆ ಮಾಡಬೇಕು. ಶಾಲಾ ಮಕ್ಕಳಿಗೆ ಬೇಯಿಸುತ್ತಿದ್ದ ಹೆಂಗಸೊಬ್ಬರು, ನಮ್ಮ ಬಿಸಿಯೂಟದ ಅಕ್ಕಂದಿರ ಹಾಗೆ, ಅದೇ ಶಾಲೆಯ ತಟ್ಟೆಯಲ್ಲಿ ಊಟ ಬಡಿಸಿದರು. ಮಿಶೆಲಿನ್ ಮೂರು ತಾರೆಯ ತೀರ್ಪುಗಾರ ಉಂಡು ಅವರನ್ನು ಮುಂದಿನ ಸುತ್ತಿಗೆ ಕಳಿಸಿದರು. ಆ ಕಂತನ್ನು ನಾವು ಎರಡು ಸಲ ನೋಡಿದೆವು. ಕೊನೆಯ ಸುತ್ತಿಗೆ ತಲುಪಿದ ಮೇಲೆ ಕಪ್ಪು ಚಮಚದ ಒಬ್ಬರು ತಮ್ಮ ಹೆಸರು ಹೇಳಿದರು: ಕ್ವಾನ್ ಸುಂಗ್ ಜುನ್. ಗೆದ್ದವರೂ ಅವರೇ. ಎದುರಿಗಿದ್ದ ಎಡ್ವರ್ಡ್ ಲೀ ಅಮೆರಿಕದಲ್ಲಿ ಬೆಳೆದ ಕೊರಿಯನ್. ಅವರು ತಡವರಿಸುವ ಕೊರಿಯನ್ ಭಾಷೆಯಲ್ಲಿ ಬರೆದು ತಂದ ಪತ್ರ ಓದಿ, ತಾಯ್ನಾಡಿನ ತಮ್ಮ ಹೆಸರು ಲೀ ಕ್ಯೂನ್ ಎಂದರು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಅಲ್ಲಿ ಗಂಟಲು ಕಟ್ಟಿತು. ಆದರೆ ಅದು ಆಟ. ನಮ್ಮ ಹುಡುಗರ ಹೆಸರು ಹೊರಬರಬೇಕಾದದ್ದು ಕಾಗದದಲ್ಲಿ.

ಆ ಕಾಗದದ ಬಗ್ಗೆ ನಮ್ಮದೊಂದು ದೂರಿದೆ, ಅದು ಯುಎಇ ಸರ್ಕಾರದ ಮೇಲಿನದಲ್ಲ. ಇಲ್ಲಿನ ಕಾರ್ಮಿಕ ಸಚಿವಾಲಯ 2016ರಿಂದ ಆಫರ್ ಲೆಟರನ್ನು ಅರಬ್ಬಿ, ಇಂಗ್ಲಿಷ್ ಜೊತೆಗೆ ಕಾರ್ಮಿಕನಿಗೆ ತಿಳಿಯುವ ಮೂರನೇ ಭಾಷೆಯಲ್ಲೂ ಕೊಡುವ ವ್ಯವಸ್ಥೆ ಮಾಡಿತು. ಆ ಪಟ್ಟಿಯ 11 ಭಾಷೆಗಳಲ್ಲಿ ಹಿಂದಿ, ಮಲಯಾಳ, ತಮಿಳು, ಬಂಗಾಳಿ, ಉರ್ದು, ನೇಪಾಳಿ ಇವೆ. ಕನ್ನಡ ಇಲ್ಲ. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಕಲಾವಿದರನ್ನು ಕರೆಸುವ ನಮ್ಮ ಸಂಘಗಳು, ಕರ್ನಾಟಕ ಸರ್ಕಾರದ ಅನಿವಾಸಿ ಭಾರತೀಯ ಸಮಿತಿ, ಇವರೆಲ್ಲ ಸೇರಿ ಆ ಫಾರಂ ಒಂದರ ಕನ್ನಡ ಮಾದರಿಯನ್ನಾದರೂ ಅಚ್ಚು ಹಾಕಿಸಿ ಹಂಚಬಾರದೇ? ನಾಲ್ಕು ಪುಟದ ಕೆಲಸ. ಕನ್ನಡ ಗೊತ್ತಿರುವ ಲೆಕ್ಕಿಗರು ಇಲ್ಲಿ ಬೇಕಾದಷ್ಟು ಮಂದಿ ಇದ್ದೇವೆ, ಕರೆದರೆ ಬರುತ್ತೇವೆ.

ಅಷ್ಟರ ತನಕ ಮನೆಯವರು ಫೋನಿನಲ್ಲಿ ‘ಊಟ ಆಯ್ತಾ’ ಎಂದು ಕೇಳಿದ ಮೇಲೆ ಇನ್ನೆರಡು ಮಾತು ಕೇಳಿ: ಕಾರ್ಡಿನಲ್ಲಿ ನಿನ್ನ ಕೆಲಸ ಏನೆಂದು ಬರೆದಿದ್ದಾರೆ? ಬೇಸಿಕ್ ಎಷ್ಟು? ಹೊರಡುವ ಮೊದಲಾದರೆ ಇನ್ನೂ ಒಂದು: ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ವಸೂಲು ಮಾಡುವುದು ಇಲ್ಲಿನ ಕಾನೂನಿಗೆ ವಿರುದ್ಧ, ಏಜೆಂಟರು ಕೇಳುತ್ತಿರುವ ಹಣ ಯಾವುದಕ್ಕೆ? ಡ್ರೈವರ್, ಸೇಲ್ಸ್‌ಮನ್, ಎಲೆಕ್ಟ್ರಿಷಿಯನ್ ಮನೆಯವರೂ ಇದನ್ನೇ ಕೇಳಬಹುದು. ಗಂಡುಮಕ್ಕಳು ದುಡ್ಡಿನ ವಿಷಯ ಮನೆಯಲ್ಲಿ ಬಾಯಿ ಬಿಡುವುದಿಲ್ಲ, ಅದು ನಮಗೂ ಗೊತ್ತು. ನಾವೂ ಬಿಟ್ಟವರಲ್ಲ. ಆದರೂ ಕೇಳಿ.

ಮೂರನೇ ಮಹಡಿಯ ಹುಡುಗ ಭಾನುವಾರ ತನ್ನ ಕಾಗದಗಳನ್ನು ನಮ್ಮ ಮನೆಗೆ ತಂದಿದ್ದ. ಕಾರ್ಡಿನಲ್ಲಿ ಹೆಲ್ಪರ್. ತವೆಯ ಮುಂದೆ ನಿಂತು ಮೂರು ವರ್ಷ ಕಳೆದಿದೆ. ಎರಡು ವರ್ಷದ ಒಪ್ಪಂದ ಮುಂದಿನ ಮಾರ್ಚಿಗೆ ಮುಗಿಯುತ್ತದೆ, ಹುದ್ದೆ ಬದಲಿಸಿ ಬರೆಯಿರಿ ಎಂದು ಕೇಳಲು ಅದೇ ಸರಿಯಾದ ಹೊತ್ತು ಎಂದೆವು. ಸೋಮವಾರ ಬೆಳಗ್ಗೆ ತಾಯಿಗೆ ಎಲ್ಲವನ್ನೂ ಹೇಳಿದನಂತೆ, ಟೊಪ್ಪಿ ಇಲ್ಲ, ತಲೆಗೆ ಬಲೆ ಎಂಬುದನ್ನೂ ಸೇರಿಸಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಮಾರ್ಚಂಗೆ ಕೇಣ್ ಮಗ" ಎಂದರಂತೆ.