ಮಾತಿನ ಬಾಂದುಕಲ್ಲು

ಕಲಬುರಗಿಯ ಅಂಚಿನಲ್ಲಿರುವ ಕುಸನೂರಿನ ರೈತನಿಗೆ ತನ್ನ ತೊಗರಿಯ ಹೊಲವೆಲ್ಲಿ ಮುಗಿಯಿತು, ನೆರೆಯವನದು ಎಲ್ಲಿ ಮೊದಲಾಯಿತು ಎಂಬುದನ್ನು ತೋರಿಸಲು ಬದುವುಂಟು, ಬಾಂದುಕಲ್ಲುಂಟು. ಬಾಂದುಕಲ್ಲು ಒಂದು ಮೊಳ ಸರಿದರೆ ಅಣ್ಣತಮ್ಮಂದಿರು ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಮಾತಿಗೂ ಇಂಥದೇ ಗಡಿಯುಂಟು. ಅದು ಸರಿದಾಗ ಏನಾಗುತ್ತದೆಂಬುದನ್ನು ಮಾತ್ರ ಹೆಚ್ಚು ಮಂದಿ ಯೋಚಿಸಿರಲಾರರು.

ಆ ಊರಿನ ಒಂದು ಮನೆಯಲ್ಲಿ, ಅಜ್ಜನ ಪೆಟ್ಟಿಗೆಯಿಂದ ಹಳೆಯ ಲೆಕ್ಕದ ಹಾಳೆಯೊಂದು ದೊರೆಯಿತೆಂದು ವಾಚಕರು ಊಹಿಸಿಕೊಳ್ಳಲಿ. ಹಿಂದಿನವರ ರೂಢಿಯಂತೆ ಪದಗಳ ನಡುವೆ ಎಡೆಯಿಲ್ಲದೆ ಬರೆದ ಸಾಲು: ‘ತಮ್ಮನಲ್ಲಿದ್ದಹಣತಂದ.’ ಇದನ್ನು ‘ತಮ್ಮನು ಅಲ್ಲಿ ಇದ್ದ, ಹಣ ತಂದ’ ಎಂದು ಬಿಡಿಸಿದರೆ ತಮ್ಮನು ತನ್ನ ಹಣವನ್ನು ತಂದುಕೊಟ್ಟನೆಂದಾಯಿತು, ಮನೆಯವರು ಅವನಿಗೆ ಋಣಿಗಳು. ‘ತಮ್ಮನಲ್ಲಿ ಇದ್ದ ಹಣ ತಂದ’ ಎಂದು ಬಿಡಿಸಿದರೆ, ತಮ್ಮನ ಬಳಿ ಇರಿಸಿದ್ದ ಮನೆಯ ಹಣ ಮರಳಿತು, ಋಣವೇ ಇಲ್ಲ. ಒಂದಕ್ಷರವೂ ಬದಲಾಗಲಿಲ್ಲ, ಗಡಿ ಮಾತ್ರ ಸರಿಯಿತು.

ಓಲೆಗರಿಗಳನ್ನೂ ಶಾಸನಗಳನ್ನೂ ಓದುವ ವಿದ್ವಾಂಸರಿಗೆ ಇದು ನಿತ್ಯದ ಕಷ್ಟ. ಈಗ ಅದೇ ಕಷ್ಟ ಗಣಕಯಂತ್ರಕ್ಕೂ ಬಂದಿದೆ. ಯಂತ್ರದಲ್ಲಿ ‘ಕುಸನೂರು’ ಎಂದು ಬೆರಳಚ್ಚಿಸಿ ಅಕ್ಷರಕ್ಕೆ ಅಕ್ಷರ ಹೋಲಿಸಿ ಹುಡುಕಿದರೆ, ‘ಕುಸನೂರಿನ’, ‘ಕುಸನೂರಲ್ಲಿ’, ‘ಕುಸನೂರಾಚೆ’ ಎಂಬವು ಕಣ್ಣೆದುರಿಗಿದ್ದರೂ ಅದಕ್ಕೆ ಕಾಣಿಸವು. ಕೊನೆಯ ‘ರು’ ಕರಗಿಹೋಗಿದೆಯಲ್ಲವೆ!

ಈ ತೊಡಕಿನೊಡನೆ ಬಹುಕಾಲ ಸೆಣಸಿದವರು ಜಪಾನಿನವರು. ಅವರ ಬರವಣಿಗೆಯಲ್ಲಿ ಇಂದಿಗೂ ಪದಗಳ ನಡುವೆ ಎಡೆ ಬಿಡುವ ಪದ್ಧತಿಯಿಲ್ಲ. ‘ವಿದೇಶೀಯರ ಮತದಾನದ ಹಕ್ಕು’ ಎಂಬರ್ಥದ ಆರು ಚಿತ್ರಾಕ್ಷರಗಳ ಮಾತೊಂದುಂಟು. ಮೂರನೆಯ ಅಕ್ಷರದ ಬಳಿಕ ಕತ್ತರಿಸಿದರೆ ಅರ್ಥ ಸರಿಯಾಗಿ ಬರುತ್ತದೆ. ಎರಡೆರಡಾಗಿ ಕತ್ತರಿಸಿದರೋ, ನಡುವಿನ ಜೋಡಿ ಗಜ್ಜರಿಯಾಗಿ, ‘ವಿದೇಶೀ ಗಜ್ಜರಿಯ ಸರ್ಕಾರ’ ಸಿದ್ಧವಾಗುತ್ತದೆ!

ಇಂಥ ಗಜ್ಜರಿಯ ಸರ್ಕಾರಗಳನ್ನು ತಡೆಯಲು ಜಪಾನೀಯರು ಹಲವು ತಂತ್ರಾಂಶಗಳನ್ನು ರಚಿಸಿದರು. ಅವುಗಳಲ್ಲಿ ತಾಕು ಕುಡೋ ಎಂಬವರ ‘ಮೆಕಾಬ್’ ಪ್ರಸಿದ್ಧವಾದುದು. ತಮಗೆ ಪ್ರಿಯವಾದ ಕಡಲಪಾಚಿಯ ತಿನಿಸಿನ ಹೆಸರನ್ನೇ ಅವರು ಅದಕ್ಕಿಟ್ಟರು. ಅದರ ಹಿಂದಿರುವ ವಿಧಾನವನ್ನು ಅವರೂ ಸಂಗಡಿಗರೂ 2004ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಅದರ ಮರ್ಮ ಸರಳ. ಕಲಬುರಗಿಯಿಂದ ಬೆಂಗಳೂರಿಗೆ ರೈಲಿನಲ್ಲಿ ವಾಡಿ, ರಾಯಚೂರುಗಳ ಮೇಲೆ ಹೋಗಬಹುದು. ಸೊಲ್ಲಾಪುರ, ವಿಜಯಪುರಗಳನ್ನು ಸುತ್ತಿಯೂ ಹೋಗಬಹುದು. ಜಾಣನಾದವನು ವೆಚ್ಚ ಕೂಡಿಸಿ ನೋಡಿ ಹಗುರವಾದ ದಾರಿಯನ್ನು ಹಿಡಿಯುತ್ತಾನೆ. ಯಂತ್ರವೂ ಹಾಗೆಯೇ. ನಿಘಂಟಿನ ನೆರವಿನಿಂದ ಸಾಲನ್ನು ಸಾಧ್ಯವಿರುವ ಎಲ್ಲ ಬಗೆಯಲ್ಲಿ ತುಂಡರಿಸುತ್ತದೆ. ಪ್ರತಿ ಪದಕ್ಕೆ ಒಂದು ಬೆಲೆ, ಒಂದು ಪದದಿಂದ ಮತ್ತೊಂದಕ್ಕೆ ದಾಟಲು ಒಂದು ಸುಂಕ. ಎಲ್ಲಕ್ಕಿಂತ ಕಡಿಮೆ ಮೊತ್ತದ ದಾರಿಯೇ ಅದರ ಉತ್ತರ. ಆದರೆ ಆ ಬೆಲೆಗಳನ್ನು ಯಂತ್ರ ತಾನಾಗಿ ಕಂಡುಕೊಳ್ಳಲಿಲ್ಲ. ಮನುಷ್ಯರು ಕುಳಿತು ಬಿಡಿಸಿಟ್ಟ ಸಾವಿರಾರು ವಾಕ್ಯಗಳಿಂದ ಕಲಿತುಕೊಂಡಿತು.

ಕನ್ನಡದ ಗಂಟು ಇನ್ನೂ ಬಿಗಿಯಾದುದು. ಜಪಾನಿ ಬರಹದಲ್ಲಿ ಗಡಿ ಬಹುಮಟ್ಟಿಗೆ ಎರಡು ಅಕ್ಷರಗಳ ನಡುವೆ ಬೀಳುತ್ತದೆ. ಕನ್ನಡದಲ್ಲಿ ಅದು ಅಕ್ಷರದ ಹೊಟ್ಟೆಯೊಳಗೇ ಅಡಗಿರುತ್ತದೆ. ‘ತಮ್ಮನಲ್ಲಿ’ ಎಂಬಲ್ಲಿನ ‘ನ’ಕಾರದಲ್ಲಿ ವ್ಯಂಜನ ಹಿಂದಿನ ಪದದ್ದು, ಸ್ವರ ಮುಂದಿನದು, ಲೋಪವಾದ ‘ಉ’ಕಾರವನ್ನು ಊಹಿಸಿ ಮರಳಿ ಇಡಬೇಕು. ಯಂತ್ರವು ಕತ್ತರಿಸಬೇಕು, ಕಳೆದುದನ್ನು ತುಂಬಬೇಕು, ಬಳಿಕ ನಿಘಂಟನ್ನು ನೋಡಬೇಕು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದ ಆರಂಭದಲ್ಲೇ ಸಂಧಿಗೆ ಎಡೆಗೊಟ್ಟುದು ಸುಮ್ಮನೆ ಅಲ್ಲ. ಮಾತನ್ನು ಕೂಡಿಸುವ ನಿಯಮವನ್ನು ಬಲ್ಲವನೇ ಅದನ್ನು ಬಿಡಿಸಬಲ್ಲನು.

ಇಲ್ಲೊಂದು ಆತಂಕವೂ ಉಂಟು. ಕುಸನೂರಿನ ತಾಯಿ ‘ಮಗ ಬಂದಾನ’ ಎಂದರೆ ಮಗ ಬಂದಿದ್ದಾನೆ ಎಂದರ್ಥ. ಗ್ರಂಥಭಾಷೆಯ ‘ಬಂದಾನು’ ಎಂಬುದಕ್ಕೆ ಬಂದರೂ ಬರಬಹುದು ಎಂದರ್ಥ. ಪುಸ್ತಕದ ಕನ್ನಡವನ್ನಷ್ಟೇ ಕಲಿತ ಯಂತ್ರ, ಬಾಗಿಲಲ್ಲಿ ನಿಂತ ಮಗನನ್ನು ಇನ್ನೂ ದಾರಿಯಲ್ಲೇ ನಿಲ್ಲಿಸೀತು! ಕಲಬುರಗಿಗೆ ಸುಮಾರು 40 ಕಿಲೋಮೀಟರು ದೂರದ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದಾಗ, ಒಂಬತ್ತನೆಯ ಶತಮಾನದಲ್ಲಿಯೇ, ‘ಕವಿರಾಜಮಾರ್ಗ’ವು ನಾಡಿನಲ್ಲಿ ಕನ್ನಡಗಳು ಹಲವು ಎಂಬುದನ್ನು ಗುರುತಿಸಿತ್ತು. ಆ ಅರಿವು ಯಂತ್ರದ ನಿಘಂಟಿಗೂ ಬರದಿದ್ದರೆ, ಈ ಸೀಮೆಯ ಮಾತು ಅದರ ಲೆಕ್ಕದಲ್ಲಿ ಬೀಳುನೆಲವಾಗಿ ಉಳಿದೀತು. ಆ ನೆಲದಲ್ಲಿ ಮೊದಲ ಕಲ್ಲುಗಳನ್ನು ನೆಡಬೇಕಾದವರು ಅಲ್ಲಿ ಹುಟ್ಟಿ ಓದಿದ ಹುಡುಗ ಹುಡುಗಿಯರೇ.

ಇನ್ನು ಅಜ್ಜನ ಆ ಹಾಳೆ? ಯಂತ್ರ ಎರಡು ದಾರಿಗಳನ್ನೂ ತೋರಿಸಿ, ಹಗುರವಾದುದನ್ನು ಮುಂದಿಟ್ಟೀತು. ಹಗುರವಾದುದೆಲ್ಲ ನಿಜವೆಂದಲ್ಲ. ಮೂಲೆಯಲ್ಲಿ ಕುಳಿತ ಅಜ್ಜಿ ಹಾಳೆಯನ್ನು ಓದಿಸಿ ಕೇಳಿ, “ರೊಕ್ಕ ಅವಂದೇ ಇತ್ತವ್ವ, ನಾವೇ ಕೊಡೋದದ” ಎಂದು ಮೊಮ್ಮಗಳಿಗೆ ಹೇಳಿದರೆ, ಗಡಿ ಅಲ್ಲಿಗೆ ಗೊತ್ತಾಯಿತು. ಅಂಥ ಅಜ್ಜಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಲೇಸು.