ಕುತ್ತಿಗೆಯ ಗಂಟೂ ಬಸ್ಸಿನ ಚೀಟಿಯೂ

ಕುತ್ತಿಗೆಯಲ್ಲೊಂದು ಗಂಟು. ನೋವಿಲ್ಲ. ಆದುದರಿಂದ ಗಿರಣಿಯ ಕೂಲಿಯಾಗಲಿ, ಸಣ್ಣ ಅಂಗಡಿಯವನಾಗಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜ್ವರ, ರಾತ್ರಿಯ ಬೆವರು, ಮೈಯಿಳಿತ ಕಂಡರೆ ಎಷ್ಟೋ ವೇಳೆ ಕ್ಷಯವೆಂದು ಊಹಿಸಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸಲಾಗುತ್ತದೆ. ಗಂಟು ಬೆಳೆಯುತ್ತಲೇ ಇರುತ್ತದೆ.

ಅದು ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಆಗಿರಬಹುದು. ಹಾಡ್ಜ್‌ಕಿನ್ ಬಗೆಯದನ್ನು ಆರಂಭದಲ್ಲೇ ಗುರುತಿಸಿ ಔಷಧಿಯನ್ನೂ, ಬೇಕಾದಲ್ಲಿ ವಿಕಿರಣವನ್ನೂ ಪೂರ್ತಿಯಾಗಿ ಕೊಟ್ಟರೆ 100ಕ್ಕೆ ಸುಮಾರು 90 ಮಂದಿ ಐದು ವರ್ಷಗಳಾಚೆಗೂ ಬದುಕುತ್ತಾರೆ. ಔಷಧಿಗಳೇನೂ ಹೊಸವಲ್ಲ, 1970ರ ದಶಕದಿಂದ ಬಳಕೆಯಲ್ಲಿವೆ. ಹಾಗಾದರೆ ನಮ್ಮವರು ಸೋಲುವುದೆಲ್ಲಿ?

ದಾರಿಯಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ರೋಗಿ ಶಿವಮೊಗ್ಗಕ್ಕೋ, ಘಟ್ಟವಿಳಿದು ಮಣಿಪಾಲಕ್ಕೋ, ಬೆಂಗಳೂರಿನ ಕಿದ್ವಾಯಿಗೋ ಎರಡು ವಾರಕ್ಕೊಮ್ಮೆ ಅಲೆಯಬೇಕು. 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯು ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯನ್ನು ಒಪ್ಪಿತು, ಎ.ಪಿ.ಎಲ್. ಚೀಟಿಯ ವ್ಯಾಪಾರಿಗೆ ದರದ ಶೇಕಡ 30 ಮಾತ್ರ. ಆದರೆ ತಪ್ಪಿದ ಕೂಲಿ, ಮುಚ್ಚಿದ ಅಂಗಡಿ, ಜೊತೆಗಾರನ ಊಟ, ಇವುಗಳ ಲೆಕ್ಕ ಕೇಳುವವರಾರು? ಎರಡು ಸುತ್ತಿಗೆ ಗಂಟು ಕರಗಿತೆಂದು ಚಿಕಿತ್ಸೆ ಬಿಟ್ಟವನಿಗೆ ರೋಗ ಮರುಕಳಿಸುವ ಭಯ ಹೆಚ್ಚು.

2025ರ ಕೇಂದ್ರ ಮುಂಗಡಪತ್ರವು ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಯಾನ್ಸರಿನ ಹಗಲು ಚಿಕಿತ್ಸಾ ಕೇಂದ್ರಗಳ ಭರವಸೆ ಕೊಟ್ಟಿತು. ಭರವಸೆಯಿಂದ ಗಂಟು ಕರಗದು. ತಾಲ್ಲೂಕು ಆಸ್ಪತ್ರೆಯಲ್ಲೇ ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸುವ ವ್ಯವಸ್ಥೆಯಾಗಲಿ. ರೋಗಿಗೂ ಜೊತೆಗಾರನಿಗೂ ಬಸ್ಸಿನ ಖರ್ಚು ಸರ್ಕಾರವೇ ಕೊಡಲಿ.

ಓದುಗರಲ್ಲಿ ಒಂದು ಮಾತು: ತಿಂಗಳು ಕಳೆದರೂ ಇಳಿಯದ ಗಂಟನ್ನು ಮುಚ್ಚಿಡಬೇಡಿ, ವೈದ್ಯರಿಗೆ ತೋರಿಸಿ.