ಹುಲಿಯ ಮೈಗೆ ಬಾಗಿಲಿನ ಬಣ್ಣ

ದಸರಾ ರಜೆ ಮುಗಿದು ಕಾಲೇಜು ತೆರೆದ ದಿನ ನನ್ನ ತರಗತಿಯ ಹಿಂದಿನ ಬೆಂಚಿನಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ವಿಚಾರಿಸಿದೆ. “ಹುಲಿವೇಷ ಹಾಕಿದ್ದೆ ಸಾರ್, ಬಣ್ಣ ಇನ್ನೂ ಪೂರ್ತಿ ಹೋಗಲಿಲ್ಲ” ಎಂದ ಹುಡುಗ. ಕಿವಿಯ ಹಿಂದೆ ಹಳದಿ ಉಳಿದಿತ್ತು. ಉಜ್ಜಿ ಉಜ್ಜಿ ಕುತ್ತಿಗೆ ಕೆಂಪೇರಿತ್ತು. ಅಧ್ಯಾಪಕರ ಕೊಠಡಿಯಲ್ಲಿ ಈ ಮಾತೆತ್ತಿದೆ. “ಪಟ್ಟೆ ಮುದ್ರಿಸಿದ ಬಟ್ಟೆ ತೊಟ್ಟರೆ ಸಾಲದೆ?” ಎಂದರು ಒಬ್ಬ ಮಿತ್ರರು. “ಸಂಪ್ರದಾಯಕ್ಕೆ ಕೈಹಚ್ಚಬೇಡಿ” ಎಂದರು ಇನ್ನೊಬ್ಬರು. ಇಬ್ಬರ ಮಾತೂ ತಪ್ಪೆಂದು ಹೇಳುವುದಕ್ಕಾಗಿಯೇ ನಾನಿದನ್ನು ಬರೆಯುತ್ತಿದ್ದೇನೆ.

ಬಟ್ಟೆಯ ಪಕ್ಷದವರು ಹುಲಿಯನ್ನು ಉಪ್ಪರಿಗೆಯಿಂದಷ್ಟೇ ನೋಡಿದವರಿರಬೇಕು. ಮಂಗಳೂರಿನ ದಸರೆಯಲ್ಲಾಗಲಿ ಉಡುಪಿಯ ವಿಟ್ಲಪಿಂಡಿಯಲ್ಲಾಗಲಿ, ತಾಸೆಯ ಪೆಟ್ಟಿಗೆ ಹುಲಿ ಕುಣಿಯುವಾಗ ಹೊಟ್ಟೆಯ ಮೇಲಿನ ಪಟ್ಟೆ ಉಸಿರಿನೊಡನೆ ಏರಿಳಿಯುತ್ತದೆ. ಬೆನ್ನಿನ ಪಟ್ಟೆ ಸ್ನಾಯುವಿನೊಡನೆ ಹೊರಳುತ್ತದೆ. ಅಂಗಿ ತೊಟ್ಟ ಹುಲಿಗೆ ಆ ಜೀವ ಎಲ್ಲಿಂದ ಬರಬೇಕು? ಅರ್ಧ ಹುಲಿ ಕುಣಿಯುವವನದಾದರೆ, ಇನ್ನರ್ಧ ಬಣ್ಣ ಬರೆಯುವವನದು.

ಇನ್ನು ಸಂಪ್ರದಾಯದ ಪಕ್ಷ. ಈ ಮಹನೀಯರು ಬಣ್ಣ ಬರೆಯುವ ಕಡೆ ಒಂದು ರಾತ್ರಿ ನಿಂತು ನೋಡಲಿ. ಮೈಯ ರೋಮ ಬೋಳಿಸಿ, ಎನಾಮೆಲ್ ಬಣ್ಣವನ್ನು ಒಂದರ ಮೇಲೊಂದು ಬಳಿದು, ಕೊನೆಗೆ ಕರಿಯ ಪಟ್ಟೆಗಳನ್ನು ಎಳೆಯುತ್ತಾರೆ. ಒಣಗುವವರೆಗೆ ಹುಡುಗರು ಕೈಕಾಲು ಅಗಲಿಸಿ ಗಂಟೆಗಟ್ಟಲೆ ನಿಂತಿರಬೇಕು, ಕೂರುವಂತಿಲ್ಲ, ಒರಗುವಂತಿಲ್ಲ. ಈ ಬಣ್ಣ ಬಾಗಿಲಿಗೆ, ಗೇಟಿಗೆ ಹಚ್ಚುವಂಥದು. ಮರವನ್ನು ಮಳೆಯಿಂದ ಕಾಯಲು ಅದು ಗಟ್ಟಿ ಪೊರೆಯಾಗಿ ಕೂರುತ್ತದೆ. ಅದೇ ಗುಣ ಚರ್ಮಕ್ಕೆ ಶತ್ರು: ಬಿಸಿಲಲ್ಲಿ ಕುಣಿಯುವ ಮೈಯ ಬೆವರಿಗೆ ದಾರಿಯೇ ಇಲ್ಲ. ಹಬ್ಬ ಮುಗಿದ ಮೇಲೆ ಅದನ್ನು ತೆಗೆಯಲು ಸೀಮೆಎಣ್ಣೆ. ಮರಿಹುಲಿಗಳೆಂದು ನಾವು ಮುದ್ದಿಸುವ ಎಳೆಯ ಮಕ್ಕಳ ಮೈಗೂ ಇದೇ ಉಪಚಾರ.

ಇದು ಸಂಪ್ರದಾಯವೆ? ಕಾರ್ಖಾನೆಯ ಡಬ್ಬ ಬರುವ ಮೊದಲೂ ನಮ್ಮಲ್ಲಿ ಹುಲಿ ಕುಣಿದಿತ್ತು. ಹಾಗೆಂದು ಹಳೆಯದೆಲ್ಲ ಅಮೃತವೆಂದು ನಾನು ಹೇಳಲಾರೆ. ನಮ್ಮ ವೇಷಗಳಲ್ಲಿ ಬಳಕೆಯಾಗುತ್ತ ಬಂದ ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳಿಕದಲ್ಲಿ ಪಾದರಸವಿದೆ. ಆದರೆ ಯಕ್ಷಗಾನದ ವೇಷಧಾರಿಗಳು ಆಟ ಮುಗಿಯುತ್ತಲೇ ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಾರೆ. ಅದನ್ನು ಹೊತ್ತು ದಿನಗಟ್ಟಲೆ ತಿರುಗುವುದಿಲ್ಲ. ಆದ್ದರಿಂದ ಪ್ರಶ್ನೆ ಹಳತು ಹೊಸತರದಲ್ಲ. ಬಣ್ಣ ಚರ್ಮಕ್ಕೆ ಸಲ್ಲುವುದೋ ಇಲ್ಲವೋ ಎಂಬುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂದು 2016ರಲ್ಲಿ ಭಾರತ ಸರಕಾರ ನಿಯಮ ಮಾಡಿತು. ಗೋಡೆಯ ಬಣ್ಣಕ್ಕಾಗಿ ಅಷ್ಟು ಯೋಚಿಸಿದ ನಾವು ಅದೇ ಡಬ್ಬವನ್ನು ಮಗುವಿನ ಎದೆಗೆ ಹಚ್ಚುವಾಗ ಯೋಚಿಸಲಿಲ್ಲ.

ಬಣ್ಣ ಬರೆಯುವವರ ಆಕ್ಷೇಪವನ್ನೂ ನಾನು ಬಲ್ಲೆ. ಚರ್ಮಕ್ಕೆಂದೇ ತಯಾರಾದ ಬಣ್ಣ ಬೆವರಿಗೆ ಕರಗುತ್ತದೆ, ಪಟ್ಟೆ ಕಲಸಿಹೋಗುತ್ತದೆ, ಬೆಲೆಯೂ ಹೆಚ್ಚು ಎನ್ನುತ್ತಾರೆ. ನಿಜ. ಹಾಗಾದರೆ ರಾತ್ರಿ ತೊಳೆದು ಮರುದಿನ ಮತ್ತೆ ಬರೆಯಬೇಕು. ಬರೆಯುವವರಿಗೆ ಎರಡನೆಯ ಕೂಲಿ ಕೊಡಬೇಕು. ಕುಣಿತದ ದಿನಗಳನ್ನು ಕಡಿಮೆ ಮಾಡಬೇಕು. ಇದೆಲ್ಲ ಹಣದ ಮಾತು. ಹಣ ಕೊಡಬೇಕಾದವರು ಹುಡುಗರಲ್ಲ, ನಾವು. ಹುಲಿಯ ಕೊರಳಿಗೆ ನೋಟಿನ ಮಾಲೆ ಹಾಕಿ ಚಿತ್ರ ತೆಗೆಸಿಕೊಳ್ಳುವ ನಮ್ಮ ಔದಾರ್ಯ ಬಣ್ಣದ ಅಂಗಡಿಯ ಮುಂದೆ ಮಾತ್ರ ಏಕೆ ಕುಗ್ಗಬೇಕು? ಹರಕೆ ಹೊತ್ತವನ ಸಹನೆಯನ್ನು ನಮ್ಮ ಜಿಪುಣತನಕ್ಕೆ ಮರೆಮಾಡಿಕೊಂಡು ಅದಕ್ಕೆ ಸಂಪ್ರದಾಯವೆಂದು ಹೆಸರಿಟ್ಟರೆ ದೈವ ಮೆಚ್ಚುವುದೇ?

ಮುಂದಿನ ದಸರೆಗೆ ವಂತಿಗೆ ಕೇಳಿಕೊಂಡು ಹುಲಿ ತಂಡದವರು ನಮ್ಮ ನಿಮ್ಮ ಮನೆಗೆ ಬರುತ್ತಾರೆ. ಒಂದೇ ಮಾತು ಕೇಳೋಣ: “ಹುಡುಗರ ಮೈಗೆ ಯಾವ ಬಣ್ಣ?” ಉತ್ತರ ಸರಿಯಿದ್ದರೆ, ಕೊಡುವುದನ್ನು ಎರಡರಷ್ಟು ಮಾಡಿ ಕೊಡೋಣ.